ಪುಡಿಯಾದ ಎಲೆಗೆ ದನಿಯಿಲ್ಲ

ಗಿಡಗಳು ತಮ್ಮನ್ನು ಮುಟ್ಟಿದವರಿಗೆ ತಮ್ಮ ವಿಷವನ್ನು ತಾವೇ ಕೂಗಿ ಹೇಳುತ್ತಿದ್ದ ಕಾಲವದು. "ಕಹಿ ಅದೀನಿ, ತಿನ್ನಬ್ಯಾಡ್ರಿ," ಎಂದು ಸೋರೆಕಾಯಿ ಸಂತೆಯಲ್ಲೇ ಎಚ್ಚರಿಸುತ್ತಿತ್ತು. ಆದರೆ ಪುಡಿ ಮಾಡಿದ ಎಲೆಗೆ ದನಿಯಿರಲಿಲ್ಲ.

ಶಾವಂತ್ರೆವ್ವನ ತಂಗಿ ಮಂಡಿನೋವಿಗೆಂದು ಅಂಥ ಪುಡಿ ತಿಂದು, ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿದಳು. ಶಾವಂತ್ರೆವ್ವ ಆ ಪುಡಿಯ ಡಬ್ಬಿ ಹಿಡಿದು ಮೂಲಿಕೆ ಅಂಗಡಿಗೆ ನುಗ್ಗಿದಳು.

"ಇದರಾಗ ಏನ್ ಹಾಕೀದಿ?"

ಅಂಗಡಿಯ ಶಾಂತವೀರಪ್ಪ ನಕ್ಕ. "ಬರೇ ಗಿಡಮೂಲಿಕೆ ಅಕ್ಕಾರ. ವಿಷ ಇದ್ರ ಅದ ಒದರತಿರಲಿಲ್ಲೇನ್ರಿ?"

"ಒದರಾಕ ಬಾಯಿ ಎಲ್ಲೆ ಬಿಟ್ಟೀದಿ?"

ಅಂಗಡಿಯ ಹಿತ್ತಿಲಲ್ಲಿದ್ದ, ಇನ್ನೂ ಅರೆಯದ ಎಲೆಗಳ ಚೀಲವನ್ನು ಅವಳು ಬೀದಿಗೆ ಎಳೆದು ತಂದು ಸುರಿದಳು. ಎರಡೂ ಕೈಯಿಂದ ಕೆದಕಿದಳು.

"ಲಿವರ್ ಸುಡತೀವಿ, ತಿನ್ನಬ್ಯಾಡ್ರಿ!" ಎಲೆಗಳೆಲ್ಲ ಒಮ್ಮೆಲೇ ಅರಚಿದವು.

ಅಂಗಡಿ ಮುಂದೆ ಪುಡಿಗಾಗಿ ಸಾಲಾಗಿ ನಿಂತಿದ್ದವರು ಸಾಲು ಬಿಟ್ಟು ಬಂದು ಶಾಂತವೀರಪ್ಪನ ಕೊರಳಪಟ್ಟಿ ಹಿಡಿದರು.