ಹತ್ತಿ ನೋಡಿದ ಮೇಲೆ ಮಾತು

ಕುದುರೆ ಯಾರದೆಂದು ತಿಳಿಯುವವರೆಗೆ ಗಾಡಿ ಮಾಲೀಕ ಅದರ ಮೈ ಮುಟ್ಟಲಿಲ್ಲ. ಸಂತೆಯ ಲಾಯದ ಕಂಬಕ್ಕೆ ಒರಗಿ, ಅಭ್ಯಾಸಬಲದಿಂದ ಪಕ್ಕೆ ನೀವಿಕೊಳ್ಳುತ್ತ, ಕುದುರೆಗಿಂತ ಹೆಚ್ಚಾಗಿ ಅದನ್ನು ಮಾರಲು ನಿಂತ ಹೆಂಗಸನ್ನೇ ನೋಡುತ್ತಿದ್ದ. ಅವಳ ಮುಖದಲ್ಲಿ ಯಾರದೂ ಹೋಲಿಕೆ ಸಿಗಲಿಲ್ಲ.

ಕುದುರೆಯ ಬಗ್ಗೆ ಎರಡು ಮಾತಿರಲಿಲ್ಲ. ಕಂದು ಮೈ, ತೆಳು ಕಾಲು, ಹಣೆಯ ಮೇಲೆ ಬಿಳಿ ಚುಕ್ಕೆ. ಊರಿಗೆಲ್ಲ ಗಾಡಿ ಬಾಡಿಗೆ ಕೊಡುವ ಅವನ ಸ್ವಂತ ಲಾಯದಲ್ಲೂ ಇಂಥದೊಂದು ಇರಲಿಲ್ಲ. ಹಿಂದೊಮ್ಮೆ ಆಸೆಗೆ ಬಿದ್ದು ಅನುಭವಿಸಿದ್ದ. ಕುದುರೆಯ ಹಿಂದೆ ಯಾರಿದ್ದಾರೆಂದು ತಿಳಿಯದೆ ಕೈ ಹಾಕಿದರೆ ಈ ಸಲ ಕೊರಳಿಗೇ ಬರುತ್ತಿತ್ತು.

ಹೆಂಗಸಿನ ವ್ಯಾಪಾರವೇ ವಿಚಿತ್ರ. ಬೆಲೆ ಹೇಳುವ ಆತುರವಿಲ್ಲ, ಚೌಕಾಸಿಯಿಲ್ಲ. ಬಂದವರಿಗೆಲ್ಲ ಒಂದೇ ಉತ್ತರ: "ಮೊದಲು ಹತ್ತಿ ನೋಡಿ, ಆಮೇಲೆ ಮಾತು." ಸ್ವಲ್ಪ ಮುಂಚೆ ಒಬ್ಬ ದಳ್ಳಾಳಿ ಎಲ್ಲರಂತೆ ಹತ್ತಲು ಹೋಗಿ, ಒದೆ ತಿಂದು, ಅವಳ ವಂಶವನ್ನೇ ಬೈಯುತ್ತ ಕುಂಟಿಕೊಂಡು ಹೋಗಿದ್ದ. ಅವಳಿಗೆ ಬೇಸರವಾದಂತಿರಲಿಲ್ಲ. ಬಾಗಿಲ ಬಳಿ ಹುಲ್ಲಿನ ಕಂತೆಗಳ ಮೇಲೆ ಕೂತಿದ್ದ ಇಬ್ಬರು ಗಂಡಸರೂ ನಗಲಿಲ್ಲ. ಕಳ್ಳರ ಕೂಟವೇ ಇರಬೇಕು ಎಂದುಕೊಂಡ ಮಾಲೀಕ.

"ಏನಮ್ಮ, ಕುದುರೆ ನಿಮ್ಮನೇದಾ?"

"ನಮ್ಮನೇಲಿ ಕುದುರೆ ಏರೋರು ಯಾರಿದ್ದಾರೆ ಯಜಮಾನ್ರೇ?"

"ಮತ್ತೆ ಎಲ್ಲಿಂದ ಬಂತು?"

"ಅದಾಗೇ ಬಂತು. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಬಾಗಿಲ ಮುಂದೆ ನಿಂತಿತ್ತು. ಬೆನ್ನ ಮೇಲೆ ಯಾರೂ ಇರಲಿಲ್ಲ."

"ಕೇಳ್ಕೊಂಡು ಯಾರೂ ಬರಲಿಲ್ವಾ?"

"ಇಲ್ಲ. ಬರ್ತಾರೇನೋ ಅಂತ ಕಾಯ್ತಾನೇ ಇದ್ದೀನಿ."

ಬೇರೆ ಯಾರಾದರೂ ಆಗಿದ್ದರೆ ಇದನ್ನು ಕೇಳಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮಾಲೀಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಿಂದುಮುಂದಿಲ್ಲದ ಕುದುರೆ, ಅದರ ಬೆಲೆಯರಿಯದ ಹೆಂಗಸು. ಇನ್ನು ಹೆದರಲು ಏನಿತ್ತು?

"ಹಾಗಾದ್ರೆ ಹತ್ತಿ ನೋಡೇಬಿಡ್ತೀನಿ."

"ನೋಡಿ. ಬೇಡ ಅಂದೋರು ಯಾರು?"

ಅವನು ಲಗಾಮು ಹಿಡಿದು, ಕುದುರೆಯ ಮುಂದಿನಿಂದ ಸುತ್ತಿ ಬಲಗಡೆಗೆ ಬಂದು, ರಿಕಾಪಿಗೆ ಕಾಲು ಕೊಟ್ಟು ಹತ್ತಿ ಕೂತ. ಕುದುರೆ ಕಿವಿ ನಿಮಿರಿಸಿತು, ಕದಲಲಿಲ್ಲ. ಕೊನೆಗೂ ತನ್ನದಾಯಿತು ಎಂದು ಅವನ ಎದೆ ಉಬ್ಬಿತು.

"ನೋಡಮ್ಮ, ಎಷ್ಟು ಸಾಧು," ಎಂದ. "ಈಗ ಬೆಲೆ ಹೇಳು."

ಅವಳು ಎರಡೂ ಕೈಗಳಿಂದ ಕಡಿವಾಣವನ್ನು ಬಿಗಿಯಾಗಿ ಹಿಡಿದುಕೊಂಡಳು. ಹುಲ್ಲಿನ ಮೇಲಿದ್ದ ಇಬ್ಬರೂ ಎದ್ದು ಬಾಗಿಲಿಗೆ ಅಗುಳಿ ಹಾಕಿದರು.

"ಇವರು ನನ್ನ ಅಣ್ಣಂದಿರು," ಎಂದಳು. "ನಮ್ಮಪ್ಪನಿಗೆ ಎಡಮಂಡಿ ಮಡಚೋಕೆ ಆಗ್ತಿರಲಿಲ್ಲ. ಅದಕ್ಕೇ ಇದನ್ನ ಬಲಗಡೆಯಿಂದ ಹತ್ತೋ ಹಾಗೆ ಪಳಗಿಸಿದ್ರು. ಎಲ್ಲರೂ ಹತ್ತೋ ಹಾಗೆ ಎಡಗಡೆಯಿಂದ ಹೋದ್ರೆ ಯಾರನ್ನೂ ಬಿಡಲ್ಲ. ಅದು ನಮ್ಮನೆಯೋರಿಗೆ ಮಾತ್ರ ಗೊತ್ತು. ಇನ್ನೊಬ್ಬನಿಗೆ ಗೊತ್ತಿರಬೇಕು, ಅಪ್ಪನ್ನ ದಾರೀಲಿ ಹೊಡೆದು ಹಾಕಿ ಇದನ್ನ ಏರಿ ಹೋದೋನಿಗೆ. ಅವನ ಕೈಯಿಂದ ತಪ್ಪಿಸ್ಕೊಂಡೇ ಇದು ಮನೆಗೆ ಬಂತು. ಅವನಿಗೂ ಮೊದಲ ಸಲ ಒದ್ದಿರುತ್ತೆ. ನಿಮಗೆ ಎಲ್ಲಿಗೆ ಬಿತ್ತು ಯಜಮಾನ್ರೇ?"

ಅವನ ಕೈ ಆಗಲೇ ಪಕ್ಕೆಯ ಮೇಲಿತ್ತು.