ಬೇಲಿಯಾಚೆಯ ಎಲೆ

ಲವೀನಾಳ ಕೈ ಕಂಬಿಬೇಲಿಯೊಳಗೆ ಭುಜದವರೆಗೂ ತೂರಿತ್ತು. ಮರುಭೂಮಿಯ ಆ ಒಂಟಿ ಮರದ ಎಲೆ ಬೆರಳಿಗೆ ಇನ್ನೂ ಗೇಣು ದೂರವಿತ್ತು.

“ಅವಾಲಿ ಪೇಟೆ ದಾಟಿ ಇಷ್ಟು ದೂರ ಬಂದದ್ದು ಇದಕ್ಕಾ ಅತ್ತಿಗೆ? ಮರ್ಲಾ ನಿಮಗೆ? ಕ್ಯಾಮೆರಾ ಉಂಟು!” ನಾದಿನಿ ಐವಿ ಅವಳ ಸೊಂಟ ಹಿಡಿದೆಳೆದಳು. “ನರ್ಸಾಗಿ ನೀವೇ ಹೀಗೆ ಮಾಡಿದ್ರೆ?”

“ಜೀವದ ಮರ ಅಂತಲೇ ಅಲ್ವಾ ಇದರ ಹೆಸರು? ನಿನ್ನ ಅಣ್ಣನಿಗೆ ಇನ್ನು ಬೇರೆ ಎಂತ ಕೊಡ್ಲಿ, ಹೇಳು!” ಆಸ್ಪತ್ರೆಯಲ್ಲಿರುವ ಗಂಡನ ಉಸಿರಾಟದ ಮೆಷಿನ್ ತೆಗೆಯಬಹುದೇ ಎಂದು ಡಾಕ್ಟರು ಬೆಳಿಗ್ಗೆ ಕೇಳಿದ್ದರು, ಸಂಜೆಯೊಳಗೆ ಅವಳು ಒಪ್ಪಿಗೆಯ ಸಹಿ ಹಾಕಬೇಕಿತ್ತು. ಏದೆನ್ ತೋಟದ ಜೀವದ ಮರವನ್ನು ಬೆಂಕಿಯ ಕತ್ತಿ ಕಾಯುತ್ತದೆಂದು ಅಜ್ಜಿ ಹೇಳುತ್ತಿದ್ದರು. ಇಲ್ಲಿ ಕಾಯುತ್ತಿದ್ದವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಒಬ್ಬ ಮುದುಕ. ಅವನು ಎದ್ದು ಬರುವುದನ್ನು ಕಂಡು ಲವೀನಾ ಕೈ ಹಿಂದಕ್ಕೆಳೆದು ಮರಳಲ್ಲಿ ಕುಸಿದಳು. “ಸಾಕು ದೇವರೇ, ನನ್ನನ್ನೂ ಕರ್ಕೊಂಡು ಹೋಗು.”

ಅಜ್ಜಿಯ ಬೈಬಲ್ ಕಥೆಗಳಲ್ಲಿ ಇನ್ನೊಂದು ಮರವೂ ಇತ್ತು. ಮರಳುಗಾಡಿನ ಆ ಕುರುಚಲು ಮರದಡಿ ಪ್ರವಾದಿಯೊಬ್ಬ ಇದೇ ಮಾತು ಹೇಳಿ ಮಲಗಿದ್ದ. ದೇವದೂತ ಬಂದು ತಟ್ಟಿ ಎಬ್ಬಿಸಿದ್ದ; ಅವನಿಗೆ ಸಾವು ಕೊಡಲಿಲ್ಲ, ರೊಟ್ಟಿ ಕೊಟ್ಟ.

ಮುದುಕ ಬೈಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತನ್ನ ಊಟದ ಡಬ್ಬಿ ಬಿಚ್ಚಿದ. “ಎಲೆ ಬೇಡ ಬೇಟಿ,” ಎಂದ ಹಿಂದಿಯಲ್ಲಿ. “ಎರಡು ದಿನದಿಂದ ಉಂಡ ಮುಖ ಅಲ್ಲ ನಿನ್ನದು. ಈ ರೊಟ್ಟಿ ತಿನ್ನು. ವಾಪಸ್ ದಾರಿ ದೂರ ಇದೆ.”

ಲವೀನಾ ಅವನ ಮುಖವನ್ನೇ ನೋಡಿದಳು. ಒಂದು ತುಂಡು ಮುರಿದು ಬಾಯಿಗಿಟ್ಟು, ಕಷ್ಟಪಟ್ಟು ನುಂಗಿದಳು.

“ಗಾಡಿ ತೆಗಿ ಐವಿ,” ಎಂದಳು. “ನಿನ್ನ ಅಣ್ಣನ ಕೈ ಹಿಡ್ಕೊಂಡೇ ಸೈನ್ ಹಾಕ್ತೇನೆ.”