ಅರ್ಧ ಇಂಚು

"ನಿಮ್ಮ ಹಳಿ ಅರ್ಧ ಇಂಚು ಈಚೆ ಬಂದ್ಬಿಟ್ಟಿದೆ, ಟೈಲರ್ ಸಾಹೇಬ್ರೇ," ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಅವರಿಬ್ಬರೂ ಸೇರಿ ಹನ್ನೆರಡು ಜನ ಗೆಳೆಯರು ತಂತಮ್ಮ ಮನೆಯಲ್ಲಿ ಒಂದೊಂದು ಹಲಗೆಯ ಮೇಲೆ ಪುಟ್ಟ ಊರು ಕಟ್ಟಿ ತಂದು, ಸಭಾಂಗಣದಲ್ಲಿ ಸಾಲಾಗಿ ಜೋಡಿಸಿ ಆಟದ ರೈಲು ಓಡಿಸುವವರು. ಹನ್ನೊಂದು ಹಲಗೆಗಳ ಹಳಿಗಳು ಕೂಡಿದ್ದವು. ಟೈಲರನದು ಮಾತ್ರ ಜಪ್ಪಯ್ಯ ಎಂದರೂ ಕೂಡಲಿಲ್ಲ.

ಅವನ ಅಳತೆ ಟೇಪಿನ ತುದಿ ಅರ್ಧ ಇಂಚು ಹರಿದುಹೋಗಿ ಎಷ್ಟೋ ವರ್ಷವಾಗಿತ್ತು. ಬಟ್ಟೆ ಅಳೆಯುವಾಗ ಕೈ ತಾನಾಗಿಯೇ ಆ ಅರ್ಧ ಇಂಚನ್ನು ಸೇರಿಸಿಕೊಳ್ಳುತ್ತಿತ್ತು. ಹಳಿ ಕೂರಿಸುವಾಗ ಮರೆತಿತ್ತು. "ನೋಡೋಕೆ ಜನ ಬರೋದು ಶುರುವಾಯ್ತು, ಬೇಜಾರು ಮಾಡ್ಕೋಬೇಡಿ," ಎನ್ನುತ್ತಲೇ ಮೇಷ್ಟ್ರು ಅವನ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿ, ಅಕ್ಕಪಕ್ಕದ ಊರುಗಳನ್ನು ಒಂದಕ್ಕೊಂದು ಸೇರಿಸಿದರು. ರೈಲು ಹೊರಟೇಬಿಟ್ಟಿತು.

ಅಷ್ಟರಲ್ಲಿ ಅವನ ಹೆಂಡತಿ ತನ್ನ ತಂಗಿಯನ್ನೂ ಕರೆದುಕೊಂಡು ಬಂದಳು. ಟೈಲರ್ ಸರಕ್ಕನೆ ಗೋಡೆಗೆ ಒರಗಿದ್ದ ತನ್ನ ಹಲಗೆಗೆ ಅಡ್ಡ ನಿಂತ. ಮೇಷ್ಟ್ರು ಏನೂ ತೋಚದೆ ತಮ್ಮ ಊರನ್ನೇ ತೋರಿಸಿ, "ಇದೇ ಅಮ್ಮಾ, ನಿಮ್ಮ ಯಜಮಾನರದು!" ಎಂದರು.

ಅವಳು ಕನ್ನಡಕ ಏರಿಸಿಕೊಂಡು, ಬಗ್ಗಿ, ಒಂದೊಂದೇ ಮನೆ ನೋಡಿದಳು. ಆಮೇಲೆ ಗಂಡನತ್ತ ತಿರುಗಿದಳು. "ಅಲ್ಲಾ ರೀ, ನಾನು ಬಣ್ಣ ಹಚ್ಚಿದ್ನಲ್ಲ, ಆ ಕೆಂಪು ಬಾಗಿಲೆಲ್ಲಿ?"

ಟೈಲರ್ ಕಾಲನ್ನು ಇನ್ನಷ್ಟು ಅಗಲಿಸಿ ನಿಂತ.